ಗೋದಾಬಾಯಿ ಸ್ಟೆಪ್ ಡೌನ್ ಆದದ್ದು

ನಮ್ಮ ಲಿಂಗಂಪಲ್ಲಿಯ ಕನ್ನಡ ಮಂಡಳಿಗೆ ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿ ಇದ್ದಾರೆ, ಖಜಾಂಚಿಯೂ ಇದ್ದಾರೆ. ಅವರೆಲ್ಲ ಯಾರೆಂದು ಹೊಸಬರು ಕೇಳಿದರೆ ನಾವು ತುಸು ಯೋಚಿಸಿ ಹೇಳಬೇಕಾಗುತ್ತದೆ. ರಥಸಪ್ತಮಿಯ ಊಟಕ್ಕೆ ಉಪ್ಪು ಹಾಕುವವರು ಯಾರೆಂದು ಕೇಳಿದರೆ ಮಾತ್ರ ಸಣ್ಣ ಮಕ್ಕಳೂ ತಟ್ಟನೆ ಹೇಳುತ್ತಿದ್ದರು, ಗೋದಾಬಾಯಿ.

ಉಪ್ಪು ಹಾಕುವುದೂ ಒಂದು ಪದವಿಯೇ ಎಂದು ನಗಬೇಡಿ. ನಮ್ಮಲ್ಲಿ ದೇವರಿಗೆ ನೈವೇದ್ಯವಾಗುವ ತನಕ ಮಡಿ ಅಡಿಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಮನೆಯ ಸಣ್ಣ ಪಾತ್ರೆಯಾದರೆ ಹೇಗೋ ಅಂದಾಜು ಸಿಗುತ್ತದೆ. ನೂರಾರು ಜನರ ಹುಳಿ ಸೊಂಟದೆತ್ತರದ ಕೊಳಗದಲ್ಲಿ ಕೊತಕೊತ ಕುದಿಯುವಾಗ ನಾಲಿಗೆಗೆ ಒಂದು ಹನಿ ತಾಗಿಸದೆ ಇಷ್ಟೇ ಉಪ್ಪು ಎಂದು ಹೇಳುವುದು ಹುಡುಗಾಟವಲ್ಲ. ಹೆಚ್ಚಾದರೆ ಇಡೀ ಪಂಕ್ತಿ ಕೆಟ್ಟಿತು. ಅದಕ್ಕೇ ಆ ಕೆಲಸ ಒಬ್ಬರ ಕೈಯಲ್ಲಿ ಇರಬೇಕು ಎಂಬ ಪದ್ಧತಿ. ತರಕಾರಿ ಹೆಚ್ಚುವವರು ಹತ್ತು ಜನ, ರುಬ್ಬುವವರು ನಾಲ್ಕು ಜನ, ಉಪ್ಪಿನ ಕೈ ಒಂದೇ.

ಗೋದಾಬಾಯಿ ನಮ್ಮ ಪಕ್ಕದ ಮನೆಯವರು. ರಾಯಚೂರು ಕಡೆಯಿಂದ ಮದುವೆಯಾಗಿ ಬಂದು ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಬಾಡಿಗೆ ಮನೆಯಲ್ಲಿ ಅರ್ಧ ಆಯುಷ್ಯ ಕಳೆದವರು. ಗಂಡ ಗುರುರಾಜರು ಅಲ್ಲೇ ಸರಕಾರಿ ಕಚೇರಿಯಲ್ಲಿದ್ದು ನಿವೃತ್ತರಾದ ಮೇಲೆ ಇಲ್ಲಿ ಮನೆ ಕೊಂಡರು. ಗೋದಾಬಾಯಿ ಆಳು ಕುಳ್ಳಗೆ, ದನಿ ಮಾತ್ರ ಬಾಗಿಲಲ್ಲಿ ನಿಂತರೆ ಬೀದಿ ಕೊನೆಗೆ ಕೇಳಬೇಕು. ತರಕಾರಿಯವಳ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ, ದೇವರ ಹತ್ತಿರ ಕನ್ನಡ. ಮನೆ ಗಂಡನ ಹೆಸರಿನಲ್ಲಿತ್ತು, ಮಗ ಸೊಸೆಯ ಮಾತಿನಲ್ಲಿದ್ದ. ತನ್ನದು ಎಂದು ಹೇಳಿಕೊಳ್ಳಲು ಆಕೆಗೆ ಇದ್ದದ್ದು ವರ್ಷಕ್ಕೊಮ್ಮೆ ಬರುವ ಆ ಉಪ್ಪು. ಹಿಂದೆ ಉಪ್ಪು ಹಾಕುತ್ತಿದ್ದ ಮುದುಕಿಗೆ ಕೈನಡುಕ ಬಂದಾಗ ಬಟ್ಟಲನ್ನು ಇವರ ಕೈಗೆ ಕೊಟ್ಟಿದ್ದರಂತೆ. ಆಗಿನ್ನೂ ನಾಂಪಲ್ಲಿಯಿಂದ ರೈಲಿನಲ್ಲಿ ಬರುತ್ತಿದ್ದರಂತೆ, ಅಂದಿನಿಂದ ಮೂವತ್ತು ವರ್ಷ ಬಟ್ಟಲು ಕೈಬಿಟ್ಟಿರಲಿಲ್ಲ.

ಆ ದಿನ ಆಕೆಯನ್ನು ನೋಡಬೇಕು. ಕಚ್ಚೆ ಸೀರೆ ಬಿಗಿದು ಕೊಳಗದ ಮುಂದೆ ನಿಂತು, ಎಲ್ಲರನ್ನೂ ಎರಡು ಹೆಜ್ಜೆ ಹಿಂದೆ ಸರಿಸಿ, ಕಣ್ಣು ಮುಚ್ಚಿ ಹಿಡಿ ಹಿಡಿಯಾಗಿ ಕಲ್ಲುಪ್ಪು ಬಿಡುತ್ತಿದ್ದರು. ಆಮೇಲೆ "ಆತು" ಎನ್ನುವರು. ಆ ಒಂದು ಮಾತಿಗೆ ಒಲೆಯ ಬೆಂಕಿಯೂ ತಗ್ಗಬೇಕು. ಊಟ ಮಾಡಿದವರು "ಪ್ರಸಾದ ಭಾಳ ಛಲೋ ಆಗ್ಯದ್ರಿ" ಎಂದು ಹೇಳಿ ಹೋಗುವರು. ಪ್ರಸಾದಕ್ಕೆ ಹೆಸರಿಡಬಾರದು, ಕುಂದು ಹೇಳಬಾರದು ಎಂಬುದು ನಮ್ಮ ಹಿರಿಯರು ಕಲಿಸಿದ ಮೊದಲ ಪಾಠ. ಹೀಗಾಗಿ ಪ್ರತಿ ವರ್ಷವೂ ಪ್ರಸಾದ ಛಲೋ ಆಗುತ್ತಿತ್ತು.

ಇಂಥ ನೆಮ್ಮದಿಯ ರಾಜ್ಯಕ್ಕೆ ಕಮಲಾಕ್ಷಿ ಬಂದಳು. ಗಂಡ ಸುಬ್ಬರಾಯರಿಗೆ ಇಲ್ಲಿಯ ರಕ್ಷಣಾ ಕಾರ್ಖಾನೆಗೆ ವರ್ಗವಾಗಿತ್ತು. ಮೈಸೂರು ಕಡೆಯವರು, ನಮ್ಮವರೇ. ವಯಸ್ಸಿನಲ್ಲಿ ಗೋದಾಬಾಯಿಗಿಂತ ಬಹಳ ಚಿಕ್ಕವಳು, ನಗುಮುಖ, ಕೆಲಸಕ್ಕೆ ಮುಂದು. ತುಳಸಿ ಲಗ್ನದ ದಿನ ಅವಳು ಮಾಡಿದ ಸಾರನ್ನು ಕಾರ್ಯದರ್ಶಿ ವಿನಾಯಕ ಲೋಟದಲ್ಲಿ ಹಾಕಿಸಿಕೊಂಡು ಕುಡಿದ. ಅದೂ ಒಂದಲ್ಲ, ಎರಡು ಲೋಟ. ಗೋದಾಬಾಯಿ ನನ್ನ ಪಕ್ಕದಲ್ಲೇ ನಿಂತಿದ್ದರು.

"ಅದು ಸಾರಲ್ಲ ನಲಿನಿ, ಪಾನಕ," ಎಂದರು ನನ್ನ ಕಿವಿಯಲ್ಲಿ.

ಅಂದಿನಿಂದ ಅವರ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಕಮಲಾಕ್ಷಿ ಸೆರಗು ಸಿಕ್ಕಿಸಿಕೊಳ್ಳುವ ರೀತಿ ತಪ್ಪು, ಅವಳು ನಗುವುದು ಹೆಚ್ಚು, ಕೊತ್ತಂಬರಿ ಹೆಚ್ಚುವುದು ದಪ್ಪ. ಅವಳು "ಹೌದಾ" ಎಂದರೂ ಇವರಿಗೆ ಅದರಲ್ಲಿ ಸೊಕ್ಕು ಕಾಣುವುದು. ಅವಳನ್ನು ಯಾರಾದರೂ ಹೊಗಳಿದರೆ ಇವರಿಗೆ ಕೂಡಲೇ ಸೊಂಟ ನೋಯುತ್ತಿತ್ತು. ನಿಜಕ್ಕೂ ನೋಯುತ್ತಿತ್ತು, ಮುಲಾಮು ತಿಕ್ಕಿದವಳು ನಾನು.

ಜನವರಿಯಲ್ಲಿ ನಾವು ಹೆಂಗಸರೆಲ್ಲ ಲೋಕಲ್ ರೈಲು ಹತ್ತಿ ನಾಂಪಲ್ಲಿಯ ನುಮಾಯಿಶ್ ವಸ್ತುಪ್ರದರ್ಶನ ನೋಡಲು ಹೋದೆವು. ಗೋದಾಬಾಯಿಗೆ ಅದು ತವರಿನಂಥ ಜಾಗ. ಯಾವ ಸಾಲಿನಲ್ಲಿ ಶಾಲು, ಯಾವ ಮೂಲೆಯಲ್ಲಿ ಪಿಂಗಾಣಿ, ಎಲ್ಲ ಬಲ್ಲರು. ಎಲ್ಲರನ್ನೂ ಮುಂದೆ ನಿಂತು ನಡೆಸಿದರು, ಖುಷಿಯಾಗಿದ್ದರು. ಪಿಂಗಾಣಿ ಅಂಗಡಿಯ ಮುಂದೆ ಕಮಲಾಕ್ಷಿ ಒಂದು ದೊಡ್ಡ ಭರಣಿ ಎತ್ತಿ ತಿರುಗಿಸಿ ನೋಡಿ ಕೊಂಡಳು.

"ಇಷ್ಟು ದೊಡ್ಡದು ಯಾತಕ್ಕವಾ?" ಎಂದು ಗೋದಾಬಾಯಿ ಕೇಳಿದರು.

"ಕಲ್ಲುಪ್ಪು ಹಾಕಿಡೋಣ ಅಂತ. ಚೆನ್ನಾಗಿದೆ ಅಲ್ವಾ?" ಎಂದಳು ಅವಳು ಸಹಜವಾಗಿ.

ಗೋದಾಬಾಯಿ ಹಿಂದಿರುಗುವ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವರು ಲಿಂಗಂಪಲ್ಲಿ ಬರುವ ತನಕ ತಿರುಗಲಿಲ್ಲ. ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ನನ್ನ ಕೈ ಹಿಡಿದು, "ನೋಡಿದೇನು? ಉಪ್ಪಿನ ಭರಣಿ ತಗೊಂಡಳು. ಆಕಿ ಕಣ್ಣು ನನ್ನ ಉಪ್ಪಿನ ಮ್ಯಾಲದ," ಎಂದರು.

"ಮನೀಗೆ ತಗೊಂಡಿರಬೇಕ್ರಿ."

"ಗಂಡ ಹೆಂಡ್ತಿ ಇಬ್ಬರೇ ಇರೋ ಮನೀಗೆ ಅಷ್ಟು ಉಪ್ಪೇನ? ನೀ ಸಣ್ಣಾಕಿ, ನಿನಗ ತಿಳಿಯಂಗಿಲ್ಲ."

ನನಗೂ ಐವತ್ತಾಗಿದೆ. ಇರಲಿ.

ಈಗ ನಮ್ಮ ಇನ್ನೊಂದು ಪದ್ಧತಿ ಹೇಳಬೇಕು. ಬಡಿಸುವಾಗ ಉಣ್ಣುವವರು "ಸಾಕು" ಎಂದರೆ ನಮ್ಮಲ್ಲಿ ನಿಲ್ಲಿಸು ಎಂದು ಯಾರೂ ತಿಳಿಯುವುದಿಲ್ಲ. ಎಲೆಗೆ ಕೈ ಅಡ್ಡ ಹಿಡಿದರೂ ಕೈಯ ಸಂದಿಯಲ್ಲಿ ಇನ್ನೊಂದು ಹೋಳಿಗೆ ಜಾರಿಸಬೇಕು. ಒಂದೇ ಸಲಕ್ಕೆ ನಿಲ್ಲಿಸಿದರೆ ಬಡಿಸುವವರಿಗೆ ಸಂಸ್ಕಾರವಿಲ್ಲ ಎಂದರ್ಥ. ಗೋದಾಬಾಯಿಯೂ ಪ್ರತಿ ವರ್ಷ ರಥಸಪ್ತಮಿಯ ಮುಂಚಿನ ಸಭೆಯಲ್ಲಿ "ಇನ್ ನನಗ ಸಾಕಾತ್ರೆಪಾ, ಬ್ಯಾರೆ ಯಾರರೆ ಮಾಡ್ರಿ" ಎನ್ನುತ್ತಿದ್ದರು. ಹಿರಿಯರೆಲ್ಲ ಒಟ್ಟಿಗೆ "ಏ, ಹಂಗಂದ್ರ ಹೆಂಗ್ರೀ ಗೋದಾಬಾಯೇರ, ನೀವಿಲ್ಲದ ನಡೀತದೇನು" ಎನ್ನುತ್ತಿದ್ದರು. ಮೂರು ಸಲ ಆಕೆ ಬೇಡವೆನ್ನುವುದು, ನಾಲ್ಕನೇ ಸಲಕ್ಕೆ ಇವರು ಬಟ್ಟಲನ್ನು ಕೈಗೆ ಕೊಡುವುದು. ಆ ವರ್ಷದ ತೃಪ್ತಿ ಅಲ್ಲಿಗೆ ಆಯಿತು.

ಈ ಸಲ ಪ್ರತಿಸ್ಪರ್ಧಿ ಇದ್ದಾಳೆ, ಬರೀ "ಸಾಕು" ಸಾಲದು ಎಂದು ಅವರಿಗೆ ಅನ್ನಿಸಿತು. ಅದೇ ವಾರ ಮಣಿಕೊಂಡದಿಂದ ಸೊಸೆ ದೀಪ್ತಿ ಬಂದಿದ್ದಳು. ತನ್ನ ಆಫೀಸಿನ ದೊಡ್ಡ ಮ್ಯಾನೇಜರ್ ಸ್ಟೆಪ್ ಡೌನ್ ಆಗುತ್ತೇನೆ ಎಂದದ್ದೇ ತಡ, ಎಲ್ಲರೂ ಗಾಬರಿಯಾಗಿ, ಮೇಲಿನವರು ಓಡಿಬಂದು, ಬೇಡಿಕೊಂಡು, ಸಂಬಳ ಹೆಚ್ಚಿಸಿ ಉಳಿಸಿಕೊಂಡರು ಎಂದು ಊಟ ಮಾಡುತ್ತ ಹೇಳಿದಳು. ಅತ್ತೆ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡರು. ಆಡಿದೊಡನೆ ಇಷ್ಟು ಜನ ಓಡಿ ಬರುವ ಮಾತು ಕನ್ನಡದಲ್ಲಿ ಅವರಿಗೆ ಸಿಕ್ಕಿರಲಿಲ್ಲ.

ಸಭೆ ಕೂಡಿತು. ಗೋದಾಬಾಯಿ ಎದ್ದು ನಿಂತು ಸೆರಗು ಹೊದ್ದುಕೊಂಡು ಹೇಳಿದರು.

"ನಾ ಈ ವರ್ಷ ಸ್ಟೆಪ್ ಡೌನ್ ಆಗ್ತೀನಿ."

ಹೇಳಿ ಸುತ್ತ ನೋಡಿದರು. ಹಿರಿಯರ ಬಾಯಿ ಅರ್ಧ ತೆರೆದು ಅಲ್ಲೇ ನಿಂತಿತ್ತು. "ಸಾಕಾತು" ಎಂದಿದ್ದರೆ ಅವರಿಗೆ ಮುಂದಿನ ಮಾತು ಬಾಯಿಪಾಠವಿತ್ತು. ಇಂಗ್ಲಿಷಿನ ಮಾತಿಗೆ ಹೇಗೆ ಉಪಚಾರ ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ. ಅದು ರಾಜೀನಾಮೆಯ ಮೇಲೆ ಠಸ್ಸೆ ಹೊಡೆದ ಹಾಗೆ ಕೇಳಿಸಿತು. ಆ ಮಾತು ಚೆನ್ನಾಗಿ ತಿಳಿದವನು ವಿನಾಯಕನೊಬ್ಬ. ದಿನವೆಲ್ಲ ಅಂಥ ಮಾತಿನಲ್ಲೇ ಅನ್ನ ದುಡಿಯುವವನು. ಅವನು ಎದ್ದು ಕೈ ಮುಗಿದ.

"ಅಜ್ಜಿ, ನಿಮ್ಮ ನಿರ್ಧಾರಕ್ಕ ನಾವೆಲ್ಲ ಗೌರವ ಕೊಡಬೇಕು. ಇಷ್ಟು ವರ್ಷ ಸೇವಾ ಮಾಡೀರಿ. ಈ ಸಲ ನಿಮಗ ಶಾಲು ಹೊದಿಸಿ ಮೊದಲನೇ ಪಂಕ್ತಿಯೊಳಗ ಕೂಡಸ್ತೀವಿ," ಎಂದು ಚಪ್ಪಾಳೆ ತಟ್ಟಿದ.

ಒಬ್ಬರು ತಟ್ಟಿದ ಮೇಲೆ ಎಲ್ಲರೂ ತಟ್ಟಲೇಬೇಕು. ಗೋದಾಬಾಯಿ ನಿಂತೇ ಇದ್ದರು. ಹಾಗಾದರೆ ಇನ್ನು ಉಪ್ಪು ಯಾರದು ಎಂದು ಯಾರೋ ಕೇಳಿದರು. ವಿನಾಯಕ ಕಮಲಾಕ್ಷಿಯ ಹೆಸರು ಹೇಳಿದ.

"ಅಯ್ಯಯ್ಯೋ, ನಂಗೆ ಬೇಡಪ್ಪ. ಅಷ್ಟು ದೊಡ್ಡ ಜವಾಬ್ದಾರಿ ನನ್ನ ಕೈಲಾಗಲ್ಲ," ಎಂದಳು ಅವಳು.

"ಏ, ಹಂಗಂದ್ರ ಹೆಂಗ್ರೀ ಕಮಲಾಕ್ಷಿಯವರ, ನೀವಿಲ್ಲದ ನಡೀತದೇನು!" ಎಂದರು ಹಿರಿಯರೆಲ್ಲ ಒಟ್ಟಿಗೆ. ಅವರಿಗೆ ಕಡೆಗೂ ಬಾಯಿಪಾಠದ ಮಾತಿಗೆ ಜಾಗ ಸಿಕ್ಕಿತ್ತು. ಅವಳು ಮೂರು ಸಲ ಬೇಡವೆಂದಳು. ನಾಲ್ಕನೇ ಸಲಕ್ಕೆ ಬಟ್ಟಲನ್ನು ಅವಳ ಕೈಗೆ ಕೊಟ್ಟರು. ತನಗೆ ಬಡಿಸಬೇಕಾದ ಹೋಳಿಗೆ ಪಕ್ಕದ ಎಲೆಗೆ ಬಿದ್ದದ್ದನ್ನು ಗೋದಾಬಾಯಿ ಕಣ್ಣಾರೆ ಕಂಡರು.

ಮನೆಗೆ ಬಂದು ಅತ್ತರು. ಗುರುರಾಜರು "ಹೋಗಲಿ ಬಿಡ, ವಯಸ್ಸಾತು" ಎಂದದ್ದಕ್ಕೆ ಅವರಿಗೊಂದು ಬೈಗುಳ ಬಿತ್ತು. ದೀಪ್ತಿ ಫೋನಿನಲ್ಲಿ "ಅತ್ತಿ, ನೀವೇ ಹೇಳಿದ್ರಂತಲ್ಲ" ಎಂದಾಗ ಫೋನು ಮಂಚದ ಮೇಲೆ ಹೋಗಿ ಬಿತ್ತು. ಮಂಡಳಿಯ ವಾಟ್ಸಾಪಿನಲ್ಲಿ ಹೂವಿನ ಗುಚ್ಛ, ಕೈ ಮುಗಿದ ಚಿತ್ರ, ಅಭಿನಂದನೆ ಎಲ್ಲ ಬರುತ್ತಲೇ ಇದ್ದವು.

"ಸತ್ತವರಿಗೆ ಹಾಕಿದಂಗ ಹೂ ಹಾಕಲಿಕ್ಕತ್ತಾರ ನೋಡು," ಎಂದು ನನಗೆ ತೋರಿಸಿದರು.

ರಥಸಪ್ತಮಿ ಬರುವ ತನಕ ಅವರ ಪೂಜೆ ಉದ್ದವಾಯಿತು. ನನಗೆ ಅನುಮಾನ ಬಂದು ಒಂದು ದಿನ ಕೇಳಿದೆ, ಏನು ಬೇಡಿಕೊಳ್ಳುತ್ತಿದ್ದೀರಿ ಎಂದು. ಮುಚ್ಚುಮರೆ ಮಾಡುವ ಹೆಂಗಸಲ್ಲ ಆಕೆ.

"ಸೂರ್ಯನಾರಾಯಣ, ಆಕಿ ಕೈಯಾಗಿಂದ ಒಂದ ಹಿಡಿ ಹೆಚ್ಚ ಬೀಳಸಪಾ ಅಂತ ಬೇಡ್ಕೊಳ್ಳಲಿಕ್ಕತ್ತೀನಿ. ಒಂದ ಹಿಡಿ. ಭಾಳಲ್ಲ."

ಆ ದಿನ ಬಂತು. ಬೆಳಿಗ್ಗೆ ಶಾಲು ಹೊದಿಸಿದರು, ಫೋಟೋ ತೆಗೆದರು. ಮಧ್ಯಾಹ್ನ ನೈವೇದ್ಯವಾಗಿ ಮೊದಲ ಪಂಕ್ತಿ ಕೂತಿತು. ಗೋದಾಬಾಯಿ ಜನ್ಮದಲ್ಲಿ ಮೊದಲ ಸಲ ಮೊದಲ ಪಂಕ್ತಿಗೆ ಕೂತಿದ್ದರು. ಅಡಿಗೆಯವರು ಯಾವಾಗಲೂ ಕಡೆಯ ಪಂಕ್ತಿ. ಎಲ್ಲರದೂ ಮುಗಿದು, ತಳದಲ್ಲಿ ಉಳಿದದ್ದು ಕೆಂಡದ ಮೇಲೆ ಬತ್ತಿ ಗಟ್ಟಿಯಾಗಿರುವಾಗ ಅವರ ಊಟ. ಎದುರು ಸಾಲಿನಲ್ಲಿ ಗುರುರಾಜರು, ಅವರ ಪಕ್ಕ ಸುಬ್ಬರಾಯರು. ಎಲೆಯ ತುದಿಗೆ ಉಪ್ಪು ಬಡಿಸುತ್ತ ಹೋದವಳು ನಾನು. ಹಿಂದೆ ಕೋಸಂಬರಿ, ಪಲ್ಯ, ಅನ್ನ, ತೊವ್ವೆ ಬಂದವು. ಆಮೇಲೆ ಹುಳಿ ಬಂತು.

ಗೋದಾಬಾಯಿ ತನ್ನ ಎಲೆ ಮುಟ್ಟಲಿಲ್ಲ. ಬೇರೆಯವರು ಮುಖ ಕಿವುಚುವುದನ್ನು ನೋಡಲು ಕಾದಿದ್ದರು. ಎದುರಿಗೆ ಗುರುರಾಜರು ಹುಳಿಯನ್ನ ಕಲಿಸಿದರು. ಬಾಯಿಗೆ ಇಡುವ ಮೊದಲೇ ಅವರ ಬೆರಳು ಎಲೆ ತುದಿಗೆ ಹೋಗಿ ಒಂದು ಚಿಟಿಕೆ ಉಪ್ಪನ್ನು ತೆಗೆದುಕೊಂಡು ಅನ್ನಕ್ಕೆ ಬೆರೆಸಿತು. ಅವರದೊಂದೇ ಅಲ್ಲ. ಸಾಲಿನಲ್ಲಿದ್ದ ಹಳಬರೆಲ್ಲರ ಕೈಯೂ ಹಾಗೆಯೇ ಹೋಗಿ ಬಂತು. ಯಾರೂ ರುಚಿ ನೋಡಿರಲಿಲ್ಲ. ಯಾರ ಗಮನವೂ ಕೈಯ ಮೇಲೆ ಇರಲಿಲ್ಲ, ಮಾತು ಬೇರೆ ಎಲ್ಲೋ ನಡೆದಿತ್ತು. ವರ್ಷ ವರ್ಷವೂ ನಾನು ಇದನ್ನು ಕಂಡಿದ್ದೆ. ಉಪ್ಪು ಬಡಿಸುವುದೇ ಹಚ್ಚಿಕೊಳ್ಳಲು ಎಂದು ಸುಮ್ಮನಿದ್ದೆ.

ಎರಡು ತುತ್ತು ಆಗುವುದರಲ್ಲಿ ಒಬ್ಬರು ನೀರು ಕೇಳಿದರು. ಇನ್ನೊಬ್ಬರು ಮಜ್ಜಿಗೆ ಎಂದರು. ಹುಳಿಯ ಹೊತ್ತಿನಲ್ಲಿ ಮಜ್ಜಿಗೆ ಯಾರೂ ಕೇಳುವುದಿಲ್ಲ. ನೋಡುತ್ತಿದ್ದಂತೆ ಸಾಲಿಗೆ ಸಾಲೇ "ಮಜ್ಜಿಗಿ ತರ್ರೆಪಾ" ಎಂದು ಕೂಗಿತು. ಹುಳಿಗೆ ಮಾತ್ರ ಯಾರೂ ಹೆಸರಿಡಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ, ಬಾಯಿ ಮುಚ್ಚಿ ಕುಡಿದರು.

ಗೋದಾಬಾಯಿಯ ಮುಖ ದೀಪ ಹಚ್ಚಿದ ಹಾಗಾಯಿತು. ಸೂರ್ಯನಾರಾಯಣ ಕೈ ಬಿಟ್ಟಿರಲಿಲ್ಲ. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಆ ಕೆಟ್ಟ ಹುಳಿಯ ರುಚಿಯನ್ನು ತಾವೂ ಸವಿಯಬೇಕೆಂದು ಅನ್ನ ಕಲಿಸಿ ಒಂದು ತುತ್ತು ಬಾಯಿಗೆ ಇಟ್ಟರು. ಅವರು ಎಲೆ ತುದಿಯ ಉಪ್ಪನ್ನು ಮುಟ್ಟಿರಲಿಲ್ಲ.

ಅಗಿಯುವುದು ನಿಂತಿತು.

ಇನ್ನೊಂದು ತುತ್ತು ತಿಂದರು. ಗಂಡನ ಎಲೆ ನೋಡಿದರು, ಅದರ ತುದಿಯಲ್ಲಿ ಉಪ್ಪು ಇರಲಿಲ್ಲ. ಪಕ್ಕದ ಸುಬ್ಬರಾಯರ ಎಲೆ ನೋಡಿದರು. ಅಲ್ಲಿ ಉಪ್ಪು ಬಡಿಸಿದಲ್ಲೇ ಇತ್ತು. ಆ ಮನುಷ್ಯ ಮಜ್ಜಿಗೆ ಗಿಜ್ಜಿಗೆ ಏನೂ ಕೇಳದೆ ಮೂರನೇ ಸಲ ಹುಳಿ ಹಾಕಿಸಿಕೊಳ್ಳುತ್ತಿದ್ದರು. ಹುಳಿ ಸರಿಯಾಗಿತ್ತು. ಇಷ್ಟು ವರ್ಷ ಸರಿಯಿಲ್ಲದೆ ಇದ್ದದ್ದು ಯಾರದು ಎಂದು ಆಕೆಗೆ ಯಾರೂ ಹೇಳಬೇಕಾಗಲಿಲ್ಲ. ಕಡೆಯ ಪಂಕ್ತಿಯಲ್ಲಿ ಬತ್ತಿ ಉಪ್ಪೇರಿದ ಹುಳಿ ಉಂಡು ಪಳಗಿದ ನಾಲಿಗೆ, ಅದಕ್ಕೆ ಸರಿಹೋಗುವಷ್ಟೇ ಉಪ್ಪನ್ನು ಕೈಗೆ ಕಲಿಸಿತ್ತು. ಮೊದಲು ಕೂತವರು ಪಾಪ, ಮೂವತ್ತು ವರ್ಷ ಸಪ್ಪೆ ಹುಳಿಗೆ ಚಿಟಿಕೆ ಉಪ್ಪು ಬೆರೆಸಿಕೊಂಡು "ಛಲೋ ಆಗ್ಯದ್ರಿ" ಎಂದು ಹೋಗುತ್ತಿದ್ದರು.

ಕೈ ತೊಳೆಯುವಲ್ಲಿ ಹಿರಿಯರೆಲ್ಲ ಆಕೆಯನ್ನು ಸುತ್ತುವರಿದರು.

"ಗೋದಾಬಾಯೇರ, ಮುಂದಿನ ವರ್ಷ ನೀವ ನಿಂದರಬೇಕು. ಪ್ರಸಾದಕ್ಕ ಹೆಸರಿಡಬಾರದು, ಖರೆ. ಆದರ ನಿಮ್ಮ ಕೈ ನಿಮ್ಮ ಕೈನ."

ಅಡಿಗೆಮನೆಯ ಬಾಗಿಲಲ್ಲಿ ಕಮಲಾಕ್ಷಿ ನಿಂತಿದ್ದಳು. ಬೆಳಗಿನಿಂದ ಉಪವಾಸವಿದ್ದು ಹೊಗೆ ಕುಡಿದ ಮುಖ. ಎಲ್ಲವನ್ನೂ ಕೇಳಿಸಿಕೊಂಡು ಕಣ್ಣು ಕೆಳಗೆ ಹಾಕಿದಳು. ಒಂದೇ ಒಂದು "ಹೂಂ" ಎಂದರೆ ಬಟ್ಟಲು ತಿರುಗಿ ಗೋದಾಬಾಯಿಯ ಕೈಗೆ ಬರುತ್ತಿತ್ತು. ತಿಂಗಳೊಪ್ಪತ್ತು ನಿದ್ದೆಗೆಟ್ಟು ಬಯಸಿದ ಉಪಚಾರ ಕಾಲ ಬಳಿ ಬಂದು ನಿಂತಿತ್ತು.

"ನಾ ಸ್ಟೆಪ್ ಡೌನ್ ಆಗೀನಿ," ಎಂದರು ಗೋದಾಬಾಯಿ.

"ಏ, ಹಂಗಂದ್ರ ಹೆಂಗ್ರಿ!" ಎಂದರು ಎಲ್ಲ. ಅಷ್ಟರಲ್ಲಿ ಅವರಿಗೆ ಇಂಗ್ಲಿಷಿನ ಮಾತಿಗೂ ಉಪಚಾರ ಮಾಡುವುದು ರೂಢಿಯಾಗಿಬಿಟ್ಟಿತ್ತು. ಆಕೆ ಬೇಡವೆಂದಷ್ಟೂ ಇವರ ಒತ್ತಾಯ ಹೆಚ್ಚಾಯಿತು. ಮೂರಾಯಿತು, ನಾಲ್ಕಾಯಿತು.

"ಖರೇನ ಒಲ್ಲೆ! ಹುಳಿ ಬರೋಬ್ಬರಿ ಸರಿ ಅದ. ನೀವು ರುಚಿ ನೋಡದ ಉಪ್ಪು ಕಲಿಸಿಕೊಂಡ್ರಿ. ಯಾಕ ಕಲಿಸಿಕೊಂಡ್ರಿ ಅಂತ ನಿಮ್ಮ ಕೈನ ಕೇಳ್ರಿ," ಎಂದು ಗದರಿಸಿದರು.

ಹಿರಿಯರು ತಮ್ಮ ತಮ್ಮ ಕೈ ನೋಡಿಕೊಂಡರು. ಗೋದಾಬಾಯಿ ನನ್ನ ಕಡೆ ತಿರುಗಿ, "ಎರಡನೇ ಪಂಕ್ತಿಗೆ ಉಪ್ಪು ಮೊದಲ ಬಡಸಬ್ಯಾಡ. ಹುಳಿಯನ್ನ ಉಂಡ ಮ್ಯಾಲೆ ಬಡಸು," ಎಂದು ಅಪ್ಪಣೆ ಮಾಡಿದರು. ಎರಡನೇ ಪಂಕ್ತಿಯಲ್ಲಿ ಯಾರೂ ಮಜ್ಜಿಗೆ ಕೇಳಲಿಲ್ಲ. ಹುಳಿಯ ಕೊಳಗ ತಳ ಕಂಡಿತು. ವಿನಾಯಕ ಅಡಿಗೆಮನೆಗೇ ಬಂದು ಕಮಲಾಕ್ಷಿಗೆ ಕೈ ಮುಗಿದ.

ನೀವು ಇದನ್ನು ದೊಡ್ಡತನ ಎನ್ನುವಿರಿ. ನಾನು ಅವರ ಪಕ್ಕದ ಮನೆಯವಳು, ನನಗೆ ಗೊತ್ತು. ಅದು ಅಭಿಮಾನ. ಮಂದಿಯ ತಪ್ಪಿನಿಂದ ಸಿಕ್ಕ ಗೆಲುವು ಆಕೆಗೆ ಗಂಟಲಲ್ಲಿ ಇಳಿಯುವಂಥದ್ದಲ್ಲ. ಹೊಟ್ಟೆಕಿಚ್ಚು ಎಲ್ಲೂ ಹೋಗಿರಲಿಲ್ಲ. ಕಮಲಾಕ್ಷಿ ಬಂದು ಕಾಲಿಗೆ ನಮಸ್ಕಾರ ಮಾಡಿ "ನೀವು ಹೇಳದಿದ್ರೆ ನನ್ನ ಮಾನ ಹೋಗ್ತಿತ್ತು" ಎಂದಾಗ, ಆಶೀರ್ವಾದ ಮಾಡಿದ ಕೈಯಿಂದಲೇ ಅವಳ ಸೆರಗು ಎಳೆದು, "ಮೊದಲ ಇದನ್ನ ಸರಿ ಸಿಕ್ಕಿಸಿಕೋ," ಎಂದರು.

ಮರುದಿನ ಮಧ್ಯಾಹ್ನ ನಾನು ಅವರ ಮನೆಗೆ ಪಾತ್ರೆ ಹಿಂದಿರುಗಿಸಲು ಹೋದೆ. ಗುರುರಾಜರು ಊಟಕ್ಕೆ ಕೂತಿದ್ದರು. ಸಾರನ್ನ ಕಲಿಸಿದರು, ಕೈ ತಾನಾಗಿ ಉಪ್ಪಿನ ಬಟ್ಟಲ ಕಡೆ ಹೋಯಿತು. ರಕ್ತದೊತ್ತಡವಿದ್ದ ಗಂಡನಿಗೆ ಉಪ್ಪಿನ ಚಪಲ ಎಂದು ಗೋದಾಬಾಯಿ ನನ್ನೆದುರು ಎಷ್ಟೋ ಸಲ ಬೈದಿದ್ದುಂಟು. ಇವತ್ತು ಬೈಯಲಿಲ್ಲ. ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದರು.

"ಮೊದಲ ತಿಂದು ನೋಡ್ರಿ."

ಅವರು ತಿಂದರು. ನನ್ನನ್ನು ನೋಡಿದರು, ಮೇಲೆ ಫ್ಯಾನು ನೋಡಿದರು.

"ಹೆಂಗದ? ಹೇಳ್ರಿ, ಹೊಡಿಯಂಗಿಲ್ಲ."

"ಜರಾ ಸಪ್ಪಗದ."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಹೇಳಿದ್ದರ ನೀ ಖರೇನ ಉಪ್ಪಿನ ಬಟ್ಟಲ ಬಿಟ್ಟುಬಿಡ್ತಿದ್ದಿ," ಎಂದರು ಗುರುರಾಜರು, ತಟ್ಟೆಯ ಕಡೆ ನೋಡುತ್ತ.

ಗೋದಾಬಾಯಿ ಬಟ್ಟಲನ್ನು ತಿರುಗಿ ಗಂಡನ ಹತ್ತಿರ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಸುಬ್ಬರಾಯರು ನಿನ್ನೆ ಉಪ್ಪು ಮುಟ್ಟಿದ್ರೇನು?" ಎಂದು ಕೇಳಿದರು.

ಇಲ್ಲ ಎಂದೆ.

"ಗೊತ್ತದ. ಆ ಎಲೀನ ನೋಡ್ಕೋತ ಕೂತಿದ್ದೆ," ಎಂದರು. ತಮ್ಮ ತಟ್ಟೆ ಎಳೆದುಕೊಂಡು, ಗಂಡ ತೆಗೆದುಕೊಂಡು ಉಳಿದ ಬಟ್ಟಲಿನಿಂದ ಒಂದು ಚಿಟಿಕೆ ಉಪ್ಪು ತಮ್ಮ ಸಾರಿಗೂ ಹಾಕಿಕೊಂಡರು.